ಮಧುಮೇಹಿಗಳ ಪಾದ ಆರೈಕೆ

ರಕ್ತದ ಸಕ್ಕರೆ ಬಹುಕಾಲ ಹತೋಟಿ ತಪ್ಪಿದಾಗ ಪಾದದ ನರಗಳು ಹಾನಿಗೊಂಡು ನೋವು, ಬಿಸಿಗಳ ಅರಿವು ಕುಂದುವುದರಿಂದಲೂ, ರಕ್ತನಾಳಗಳು ಕಿರಿದಾಗಿ ಗಾಯ ಮಾಯುವುದು ತಡವಾಗುವುದರಿಂದಲೂ ಸಣ್ಣ ಗಾಯವೇ ಹುಣ್ಣಾಗಿ, ಅಂಗಾಂಶ ಕೊಳೆಯುವ ಗ್ಯಾಂಗ್ರೀನ್‌ಗೆ ತಿರುಗಿ, ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಇದನ್ನು ತಡೆಯುವ ನಿತ್ಯಕ್ರಮವೇ ಪಾದ ಆರೈಕೆ.

ಹೊಳಲು, ಹಡಗಲಿ, ಕೂಡ್ಲಿಗಿ ಸುತ್ತಿನ ಒಣಭೂಮಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಮುರಿದು ಒಳಗುಳಿದರೂ ಸಂವೇದನೆ ಕಳೆದ ಅಂಗಾಲಿಗೆ ತಿಳಿಯದೇ ಹೋಗಬಹುದು. ಕೊಟ್ಟೂರು ಗುರುಬಸವೇಶ್ವರ ರಥೋತ್ಸವಕ್ಕೆ ದಾವಣಗೆರೆ ಮೊದಲಾದ ಕಡೆಗಳಿಂದ ನಡೆದು ಬರುವ ಭಕ್ತರಲ್ಲಿ ಮಧುಮೇಹಿಗಳು, ಬರಿಗಾಲಿನ ಹರಕೆ ಎಷ್ಟೇ ಶ್ರದ್ಧೆಯದಾದರೂ, ಚಪ್ಪಲಿ ಮೆಟ್ಟಿಯೇ ನಡೆಯುವುದು ಕ್ಷೇಮ.

ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಹಿಮ್ಮಡಿಗೆ ಎಣ್ಣೆ ಹಚ್ಚಬೇಕು. ಸಂದುಗಳಿಗೆ ಹಚ್ಚಬಾರದು, ಆಣಿಯನ್ನು ಬ್ಲೇಡಿನಿಂದ ಕೊಯ್ಯಲೂಬಾರದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು, ಅಂದರೆ ಮಾನೋಫಿಲಮೆಂಟನ್ನು, ಅಂಗಾಲಿಗೆ ತಾಗಿಸಿ ವೈದ್ಯರು ಸ್ಪರ್ಶಜ್ಞಾನವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುತ್ತಾರೆ. ಅರಿವುಗೆಟ್ಟ ಪಾದಗಳಿಗೆ ಕೊಡುವ ಮೃದು ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್) ರಬ್ಬರಿನ ಪಾದರಕ್ಷೆಯು ಮೊದಲು ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದದ್ದು. ಆ ದಿಸೆಯಲ್ಲಿ ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರ ಅನುಭವವೇ ಮುಂದೆ ಮಧುಮೇಹಿಗಳ ಪಾದಚಿಕಿತ್ಸೆಗೂ ನೆರವಾಯಿತು.