ಅರವಟಿಗೆ ಮನೆಬಾಗಿಲಿಗೆ ಬರುವ ಕಾಲ



ಹವಾ ವರ್ತಮಾನದಲ್ಲಿ ಪುಣೆಯ ಗರಿಷ್ಠ ಉಷ್ಣಾಂಶ ಇಂತಿಷ್ಟು ಎಂದು ಓದುತ್ತೇವಲ್ಲ, ಆ ಅಂಕಿ ಸಾಮಾನ್ಯವಾಗಿ ಶಿವಾಜಿನಗರದ ವೀಕ್ಷಣಾಲಯದ್ದು. ಭಾರತೀಯ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು. ಮುಂದೆ ಅದು ದಿಲ್ಲಿಗೆ ಹೋದರೂ ಪುಣೇಕರರ ಬಾಯಲ್ಲಿ ಆ ಕಟ್ಟಡ ಇಂದಿಗೂ 'ಸಿಮ್ಲಾ ಆಫೀಸ್'. ಉಷ್ಣಮಾಪಕ ಇಡುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ನಿಗಡಿಯ ಯಾವುದೋ ಸೆಕ್ಟರಿನ ಕೊನೆಯ ಮಹಡಿಯಲ್ಲಿ, ಕಾದ ಸ್ಲ್ಯಾಬಿನ ಕೆಳಗೆ ಒಬ್ಬರೇ ಮಲಗಿರುವ ಕಾಕಾ ಅನುಭವಿಸುವ ಸೆಕೆ ಬೇರೆ. ಸೆಕೆ ಪುಣೆಗೆ ಹೊಸತಲ್ಲ. 1897ರ ಏಪ್ರಿಲ್ 30ರಂದೇ ಇಲ್ಲಿ 43.3 ಡಿಗ್ರಿ ದಾಖಲಾಗಿದೆ. ಆ ಸೆಕೆಯನ್ನು ಹಿರಿಯರು ಒಬ್ಬೊಬ್ಬರೇ ಎದುರಿಸುವುದು ಮಾತ್ರ ಇತ್ತೀಚಿನ ಸಂಗತಿ.

ಬಿ.ಎ. ಓದುವಾಗ ಶಾಸನಗಳ ಪಾಠದಲ್ಲಿ 'ಅರವಟಿಗೆ' ಎಂಬ ಪದ ಸಿಗುತ್ತಿತ್ತು. ಅರವಂಟಿಗೆ ಎಂದೂ ಬರೆಯುತ್ತಾರೆ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಚಪ್ಪರ ಅದು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಛತ್ರ ನಡೆಸುವುದು, ಇವುಗಳ ಸಾಲಿನಲ್ಲೇ ಅರವಟಿಗೆಯೂ ಧರ್ಮಕಾರ್ಯ; ಅದಕ್ಕೆಂದೇ ಭೂಮಿ ಬಿಟ್ಟವರಿದ್ದರು. ನೀರಿಡಲು ಭೂಮಿ ಏಕೆ ಎಂದು ಆಗ ನನಗೆ ಅನಿಸಿದ್ದುಂಟು. ನೀರು ಸೇದಿ ತಂದು, ದಿನವಿಡೀ ಕೂತು ಬೊಗಸೆಗೆ ಸುರಿಯುವ ಮನುಷ್ಯನಿಗೂ ಹೊಟ್ಟೆ ಇದೆಯಲ್ಲ! ದತ್ತಿಯಿದ್ದದ್ದು ಮುಖ್ಯವಾಗಿ ಆ ಕೈಗಾಗಿ. ಇಲ್ಲಿ ಮರಾಠಿಯಲ್ಲಿ 'ಪಾಣಪೋಯಿ' ಎನ್ನುವುದೂ ಇದನ್ನೇ.

ಗಮನಿಸಿ, ಅರವಟಿಗೆ ಇದ್ದದ್ದು ದಾರಿಯಲ್ಲಿರುವವರಿಗೆ. ಮನೆಯಲ್ಲಿರುವ ಮುದುಕರಿಗಾಗಿ ಯಾರೂ ಅರವಟಿಗೆ ಇಡಿಸಲಿಲ್ಲ, ಅದರ ಅಗತ್ಯವಿರಲಿಲ್ಲ. ವಿಜಾಪುರ, ಕಲಬುರ್ಗಿ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದವರಿಗೆ ಗೊತ್ತು: ದಪ್ಪ ಗೋಡೆ, ಮಣ್ಣಿನ ಮೇಲ್ಛಾವಣಿ, ಬಿಸಿಗಾಳಿ ಹೊರಹೋಗಲು ಬೆಳಕಿಂಡಿ. ಪಡಸಾಲೆಯಲ್ಲಿ ಅಜ್ಜ, ಪಕ್ಕದಲ್ಲಿ ನೀರಿನ ಹರವಿ, ಓಡಾಡುವ ಮೊಮ್ಮಕ್ಕಳು. "ಯಜ್ಜಾ, ನೀರು ಕುಡಿ" ಎನ್ನಲು ಒಂದು ಬಾಯಿ. ಮಧ್ಯಾಹ್ನಕ್ಕೆ ನುಚ್ಚು-ಮಜ್ಜಿಗೆ. ಆ ಸೀಮೆಯ ಬೇಸಿಗೆಯನ್ನು ಸರಕಾರವೂ ಒಪ್ಪಿಕೊಂಡಿದೆ: ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿನ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿ ಇದೆ.

ಅದೇ ಸೀಮೆಯ ಎಷ್ಟೋ ಜನ ಪುಣೆಗೆ ಬಂದರು. ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅರವತ್ತರ ದಶಕದಲ್ಲಿ ಆಕುರ್ಡಿಗೆ ಬಜಾಜ್, ಪಿಂಪ್ರಿಗೆ ಟೆಲ್ಕೋ ಬಂದವು. 1972ರ ಬರ ಇನ್ನಷ್ಟು ಜನರನ್ನು ಊರು ಬಿಡಿಸಿತು. ಅದೇ 1972ರಲ್ಲಿ ಕಾರ್ಖಾನೆಗಳ ಕೆಲಸಗಾರರಿಗೆ ಮನೆ ಒದಗಿಸಲೆಂದು ಪಿಂಪ್ರಿ-ಚಿಂಚ್‌ವಡ್ ನವನಗರ ಪ್ರಾಧಿಕರಣ ಹುಟ್ಟಿತು. 2021ರಲ್ಲಿ ಅದು ವಿಸರ್ಜನೆಯಾದರೂ ನಿಗಡಿಯವರು ತಮ್ಮ ಬಡಾವಣೆಯನ್ನು 'ಪ್ರಾಧಿಕರಣ' ಎಂದೇ ಕರೆಯುತ್ತಾರೆ. ಅಂದು ಶಿಫ್ಟ್ ಮುಗಿಸಿ ಸೈಕಲ್ ತುಳಿಯುತ್ತ ಬರುತ್ತಿದ್ದ ತರುಣರಿಗೆ ಇಂದು ಎಪ್ಪತ್ತು, ಎಂಬತ್ತು. ಮಕ್ಕಳು ಹಿಂಜವಡಿಯಲ್ಲೋ ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಮಣ್ಣಿನ ಮಾಳಿಗೆಯ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬು. ಹಗಲೆಲ್ಲ ಹೀರಿದ ಬಿಸಿಯನ್ನು ಅದು ರಾತ್ರಿ ಮನೆಯೊಳಕ್ಕೆ ಬಿಡುತ್ತದೆ.

ಇಂಥ ಮನೆಗಳಲ್ಲಿ ಏನಾಗಬಹುದೆಂಬುದನ್ನು ಜಗತ್ತು ಬೆಲೆ ತೆತ್ತು ಕಲಿತಿದೆ. 1995ರ ಜುಲೈಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿಗೆ ಏಳು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿದಾಗ ಹೆಚ್ಚು ಅಪಾಯಕ್ಕೆ ಸಿಕ್ಕವರು ಯಾರೆಂದು ತಿಳಿಯಿತು: ಒಂಟಿಯಾಗಿದ್ದವರು, ಮನೆಯಿಂದ ಹೊರಬರದವರು, ಕೊನೆಯ ಮಹಡಿಯಲ್ಲಿದ್ದವರು. ಒಡನಾಟವಿದ್ದವರು ಬದುಕಿ ಉಳಿದದ್ದು ಹೆಚ್ಚು. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 15,000 ಜನ ಹೋದರು, ಬಹುಪಾಲು ವೃದ್ಧರೇ. ಮನೆಮಂದಿ ರಜೆಗೆ ಹೋಗುವ ತಿಂಗಳು ಅದು. ಮರುವರ್ಷವೇ ಅಲ್ಲಿ ಒಂಟಿ ಹಿರಿಯರ ಪಟ್ಟಿಯನ್ನು ಊರಿನ ಮೇಯರ್ ಇಟ್ಟುಕೊಳ್ಳುವ ವ್ಯವಸ್ಥೆ ಬಂತು. ನಮ್ಮಲ್ಲಿ ಅಹಮದಾಬಾದಿನಲ್ಲಿ 2010ರ ಮೇ 21ರಂದು ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವೆಂದು ಅಧ್ಯಯನ ಲೆಕ್ಕ ಹಾಕಿತು. 2013ರಲ್ಲಿ ಆ ನಗರ ರೂಪಿಸಿದ ಬಿಸಿಗಾಳಿ ಕ್ರಿಯಾಯೋಜನೆ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು.

ಮುಪ್ಪಿನಲ್ಲಿ ಬೆವರು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಅಡಿಗೆಮನೆಯಲ್ಲಿ ಕೊಡ ತುಂಬಿದ್ದರೂ ಕುಡಿಯಬೇಕೆಂದು ಅನಿಸುವುದೇ ಇಲ್ಲ. ಆದ್ದರಿಂದ ಮೊಬೈಲಿನಲ್ಲಿ "ನೀರು ಕುಡೀರಿ" ಎಂದು ಕಳಿಸುವ ಸಂದೇಶದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಪಕ್ಕದ ಮನೆಯವರು ಮಧ್ಯಾಹ್ನ ಮೂರಕ್ಕೆ ಬಾಗಿಲು ತಟ್ಟಿ, "ಕಾಕು, ಮಜ್ಜಿಗೆ ತಂದೀನ್ರಿ" ಎಂದು ಎದುರಿಗೇ ಕುಡಿಸಿ ಹೋದರೆ ಅದರ ತೂಕ ಬೇರೆ. ಕೊನೆಯ ಮಹಡಿಯವರನ್ನು ಮಧ್ಯಾಹ್ನ ನಾಲ್ಕು ತಾಸು ಕೆಳಗಿನ ಮನೆಗೆ ಕರೆದುಕೊಂಡರೂ ಆದೀತು. ಬಿಸಿಲಿಗೆ ತೆರೆದ ಕಿಟಕಿಗೆ ಹಗಲು ಪರದೆ, ರಾತ್ರಿ ಗಾಳಿ. ಉಷ್ಣಾಂಶ 40 ದಾಟಿದಾಗ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಆಗ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು ಮೇಲು.

ಹಿರಿಯರು ತೊದಲತೊಡಗಿದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ, ಮೈ ಸುಡುತ್ತಿದ್ದರೆ 'ವಯಸ್ಸಾಯಿತು' ಎಂದು ಸುಮ್ಮನಿರಬೇಡಿ, 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬಿ.ಪಿ., ಹೃದಯ, ಮೂತ್ರಪಿಂಡದ ಔಷಧಿ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಯುಗಾದಿಯ ಹೊತ್ತಿಗೇ ಡಾಕ್ಟರನ್ನು ಕೇಳಿಟ್ಟುಕೊಳ್ಳಲಿ. ಆ ಚೀಟಿಯ ಒಂದು ಪ್ರತಿ ಪಕ್ಕದ ಮನೆಯವರ ಬಳಿಯೂ ಇರಲಿ.