ಮೊಳಕೆ ನೋಡದ ಬೀಜ, ರೀಸ್ಟೋರ್ ಮಾಡದ ಬ್ಯಾಕಪ್

2017ರ ಜನವರಿ 31ರ ರಾತ್ರಿ. ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು, ತಾವಿರೋದು ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿ ಅಂದುಕೊಂಡು ಮುಖ್ಯ ಸರ್ವರ್‌ನ ಫೋಲ್ಡರನ್ನೇ ಅಳಿಸತೊಡಗಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಇರಲಿ, ಬ್ಯಾಕಪ್ ಇದೆಯಲ್ಲ ಅಂತ ಹೋಗಿ ನೋಡಿದರೆ ಅದನ್ನಿಡುವ ಜಾಗ ಖಾಲಿ! ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಅದನ್ನು ನಕಲು ಮಾಡಬೇಕಿದ್ದ ಪ್ರೋಗ್ರಾಂ 9.2ರದ್ದು. ಆವೃತ್ತಿ ಹೊಂದದೆ ಅದು ಕೆಲಸ ಮಾಡದೇ ನಿಲ್ಲುತ್ತಿತ್ತು. ನಿಂತಿದ್ದೇನೆ ಅಂತ ಮೇಲ್ ಕೂಡ ಹಾಕುತ್ತಿತ್ತು. ಆ ಮೇಲ್‌ಗೆ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಅದನ್ನು ಒಳಗೇ ಬಿಡುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು, ಸುಮಾರು ಆರು ಗಂಟೆ ಮೊದಲು ಬೇರೇನೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಅದರ ನಂತರದ್ದು ಹೋಯಿತು.

ಇದನ್ನು ಒಬ್ಬರ ಬೆರಳಿನ ತಪ್ಪು ಅಂತ ಬಿಟ್ಟುಬಿಡಬಹುದು. ಆದರೆ ನೆಟ್‌ವರ್ಕ್ ಬ್ಯಾಕಪ್‌ನ ಇತಿಹಾಸ ನೋಡಿದರೆ ಇದೇ ಕಥೆ ಬೇರೆಬೇರೆ ವೇಷದಲ್ಲಿ ಬರುತ್ತಲೇ ಇದೆ. ನಕಲು ಮಾಡೋದು ಯಾವತ್ತೂ ದೊಡ್ಡ ಕಷ್ಟ ಆಗಿರಲಿಲ್ಲ. ಎರಡು ಯಂತ್ರಗಳು ಒಂದೇ ಮಾತಿಗೆ ಒಂದೇ ಅರ್ಥ ಹಿಡಿಯೋ ಹಾಗೆ ಮಾಡೋದು ಕಷ್ಟ.

ಮೊದಲು ಟೇಪಿನ ಕಾಲಕ್ಕೆ ಹೋಗೋಣ. ನಾವು ದಿನಾ ಬಳಸುವ ಟಾರ್ 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದದ್ದು. ಟೇಪ್ ಆರ್ಕೈವ್ ಅನ್ನೋದರ ಚಿಕ್ಕ ರೂಪ. ಆಗ ಒಂದು ಕಂಪ್ಯೂಟರ್, ಪಕ್ಕದಲ್ಲೇ ಒಂದು ಟೇಪ್ ಡ್ರೈವ್. ಆಮೇಲೆ ಪ್ರತಿ ಮೇಜಿನ ಮೇಲೂ ಒಂದೊಂದು ವರ್ಕ್‌ಸ್ಟೇಷನ್ ಬಂತು. ಅಷ್ಟಕ್ಕೂ ಟೇಪ್ ಡ್ರೈವ್ ಕೊಡೋಕೆ ಯಾರ ಹತ್ತಿರ ದುಡ್ಡಿತ್ತು? 1990ರ ದಶಕದ ಶುರುವಿನಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡಾ ಸಿಲ್ವ ಮತ್ತವರ ಜೊತೆಗಾರರು ಇದಕ್ಕೆಂದೇ ಅಮಾಂಡ ಅನ್ನುವ ಸಾಫ್ಟ್‌ವೇರ್ ಬರೆದರು. ರಾತ್ರಿ ಹೊತ್ತು ಎಲ್ಲ ಯಂತ್ರಗಳ ಡೇಟಾ ಒಂದು ಸರ್ವರ್‌ನ ಡಿಸ್ಕಿಗೆ ಬಂದು, ಅಲ್ಲಿಂದ ಟೇಪಿಗೆ ಹೋಗುತ್ತಿತ್ತು.

ಅಮಾಂಡ ತನ್ನದೇ ಹೊಸ ಫಾರ್ಮ್ಯಾಟ್ ಕಟ್ಟಲಿಲ್ಲ. ಆಯಾ ಯಂತ್ರದಲ್ಲಿದ್ದ ಡಂಪ್ ಅಥವಾ ಟಾರನ್ನೇ ಓಡಿಸಿತು. ಅಲ್ಲೇ ತೊಡಕು ಶುರು. ಡಂಪ್ ಓದುವುದು ಫೈಲ್ ಸಿಸ್ಟಂನ ಒಳಗಿನ ರಚನೆಯನ್ನು. ಒಂದು ಯುನಿಕ್ಸಿನ ಡಂಪ್ ಇನ್ನೊಂದರಲ್ಲಿ ಬಿಚ್ಚಿಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ. ಹಾಗಾಗಿ ಅಮಾಂಡ ಎರಡು ಜಾಣತನ ಮಾಡಿತು. ಒಂದು, ರಾತ್ರಿಗೆ ಮೊದಲೇ ಸರಿಯಾದ ಟೇಪ್ ಹಾಕಿದೆಯಾ, ಎಲ್ಲ ಯಂತ್ರಗಳೂ ಓಗೊಡುತ್ತಿವೆಯಾ ಅಂತ ನೋಡಿ ಮೇಲ್ ಮಾಡುವ ಆಮ್‌ಚೆಕ್. ಎರಡು, ಟೇಪಿನಲ್ಲಿ ಪ್ರತಿ ಬ್ಯಾಕಪ್ಪಿನ ಮುಂದೆ 32 ಕೆಬಿಯ ಒಂದು ತಲೆಪಟ್ಟಿ. ಅದರಲ್ಲಿ ಇದು ಯಾವ ಯಂತ್ರದ್ದು, ಯಾವ ಕಮಾಂಡಿನಿಂದ ಬಿಚ್ಚಬೇಕು ಅನ್ನೋದನ್ನ ಸಾದಾ ಅಕ್ಷರದಲ್ಲಿ ಬರೆದಿರುತ್ತಿತ್ತು. ನಾಳೆ ಅಮಾಂಡವೇ ಇಲ್ಲದಿದ್ದರೂ ಡೇಟಾ ಸಿಗಬೇಕು ಅನ್ನೋ ಲೆಕ್ಕ.

1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಆರ್‌ಸಿಂಕ್ ತಂದರು. ಇಡೀ ಫೈಲ್ ಬೇಡ, ಬದಲಾದ ತುಣುಕು ಮಾತ್ರ ಸಾಕು. ಬದಲಾಗಿದೆಯಾ ಅಂತ ಬೇಗ ತಿಳಿಯೋಕೆ ಅದು ನೋಡೋದು ಎರಡನ್ನೇ: ಫೈಲಿನ ಗಾತ್ರ, ಕೊನೆಗೆ ತಿದ್ದಿದ ಸಮಯ. ಸರಳ ಅಲ್ವಾ? ಆದರೆ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್ ಫೈಲ್ ಸಿಸ್ಟಂ ತಿದ್ದಿದ ಸಮಯವನ್ನು ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ ಬರೆಯುತ್ತೆ. ಲಿನಕ್ಸ್ 9 ಅಂದದ್ದನ್ನು ಅದು 8 ಅಥವಾ 10 ಅನ್ನುತ್ತೆ. ಯಾರೂ ಮುಟ್ಟದ ಫೈಲುಗಳೂ ಬದಲಾಗಿವೆ ಅಂತ ತಿರುಗಿ ಸಾಗುತ್ತವೆ. ಒಂದು ಸೆಕೆಂಡ್ ಹೆಚ್ಚುಕಮ್ಮಿ ಆದರೂ ಒಂದೇ ಅಂತ ತಿಳಿ ಅಂತ ಆರ್‌ಸಿಂಕ್‌ಗೆ ಹೇಳಿಕೊಡುವ ಆಯ್ಕೆ ಇರೋದು ಇದಕ್ಕೇ.

ಹೆಸರಿನ ಗೋಳು ಇನ್ನೂ ಸ್ವಾರಸ್ಯ. ಇದರಲ್ಲಿ ನಮ್ಮ ಕನ್ನಡವೂ ಸಿಕ್ಕಿಹಾಕಿಕೊಂಡಿದೆ. 'ಕೊಡಗು' ಅಂತ ಒಂದು ಫೈಲಿಗೆ ಹೆಸರಿಡಿ. 'ಕೊ' ಅನ್ನೋದನ್ನ ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಕಕ್ಕೆ ಒತ್ವ ಕೊಟ್ಟು, ಇಲ್ಲವೇ ಕಕ್ಕೆ ಎತ್ವ, ಆಮೇಲೆ ಕೊಂಬಿನ ಇಳಿ ಕೊಟ್ಟು. ಕಣ್ಣಿಗೆ ಎರಡೂ ಒಂದೇ. ಆಪಲ್ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್, ಫೈಲಿನ ಹೆಸರನ್ನು ಬಿಡಿಸಿ ಎರಡನೇ ರೀತಿಯಲ್ಲೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತೆ. ಹೀಗಾಗಿ ಇತ್ತ ಒಂದು 'ಕೊಡಗು', ಅತ್ತ ಇನ್ನೊಂದು 'ಕೊಡಗು', ಆರ್‌ಸಿಂಕ್‌ಗೆ ಇವೆರಡೂ ಬೇರೆಬೇರೆ ಫೈಲು. 'ಮೂಲದಲ್ಲಿ ಇಲ್ಲದ್ದನ್ನು ಅಳಿಸು' ಅನ್ನೋ ಆಯ್ಕೆ ಹಾಕಿದ್ದರಂತೂ, ಇರಬೇಕಾದ ಫೈಲನ್ನೇ ಹೆಚ್ಚಿನದು ಅಂತ ಅಳಿಸುವ ಅಪಾಯ. 2008ರ ಆರ್‌ಸಿಂಕ್ 3.0ದಲ್ಲಿ ಹೆಸರುಗಳ ಎನ್‌ಕೋಡಿಂಗ್ ಬದಲಿಸುವ ಸೌಲಭ್ಯ ಬಂತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಈ ಬಿಡಿಸುವ ಅಭ್ಯಾಸ ಕೈಬಿಟ್ಟಿತು. ಹಳೇ ಡಿಸ್ಕುಗಳಲ್ಲಿ ಅದು ಇನ್ನೂ ಉಳಿದಿದೆ.

ವಿಂಡೋಸಿನ ವರಸೆಯೇ ಬೇರೆ. ಯುನಿಕ್ಸಿನಲ್ಲಿ ಒಬ್ಬ ಬರೆಯುತ್ತಿದ್ದರೂ ಇನ್ನೊಬ್ಬ ಓದಬಹುದು. ವಿಂಡೋಸಿನಲ್ಲಿ ಫೈಲ್ ತೆರೆದ ಪ್ರೋಗ್ರಾಂ ಬಾಗಿಲಿಗೆ ಚಿಲಕ ಹಾಕಿಕೊಳ್ಳಬಹುದು. ಔಟ್‌ಲುಕ್ ತೆರೆದೇ ಇದ್ದರೆ ಅದರ ಮೇಲ್ ಫೈಲು ಬ್ಯಾಕಪ್ಪಿಗೆ ಸಿಗಲ್ಲ, ಸಾವಿರಾರು ಫೈಲುಗಳ ನಡುವೆ ಲಾಗ್‌ನಲ್ಲಿ ಒಂದು ಸಾಲಿನ ಎಚ್ಚರಿಕೆ ಬರುತ್ತೆ ಅಷ್ಟೇ. ಅದನ್ನ ಓದೋರು ಯಾರು? ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ರ ಜೊತೆ ಬಂದ ವಾಲ್ಯೂಮ್ ಶ್ಯಾಡೋ ಕಾಪಿ ಇದಕ್ಕೆ ಉತ್ತರ: ಡಿಸ್ಕಿನ ಆ ಕ್ಷಣದ ಚಿತ್ರ ಹಿಡಿದು, ಅದರಿಂದ ನಕಲು ಮಾಡೋದು.

ಇಷ್ಟೆಲ್ಲ ಸಿಸ್ಟಂಗಳನ್ನು ಒಂದೇ ಸೂರಿನಡಿ ತರಲು ಕೆರ್ನ್ ಸಿಬಾಲ್ಡ್ 2000ದಲ್ಲಿ ಬಾಕುಲ ಶುರು ಮಾಡಿ 2002ರಲ್ಲಿ ಬಿಡುಗಡೆ ಮಾಡಿದರು. ಇದರಲ್ಲಿ ಮೂವರು ಕೆಲಸಗಾರರು. ಆಜ್ಞೆ ಕೊಡೋ ಡೈರೆಕ್ಟರ್, ಫೈಲ್ ಓದಿ ಕಳಿಸೋ ಕ್ಲೈಂಟ್, ಇಟ್ಟುಕೊಳ್ಳೋ ಸ್ಟೋರೇಜ್. ಪೋರ್ಟ್‌ಗಳು ಕ್ರಮವಾಗಿ 9101, 9102, 9103. ಹೊಸಬರನ್ನು ಸುಸ್ತು ಮಾಡೋದು ಇಲ್ಲಿ ಒಂದೇ ಪದ, 'ಲೋಕಲ್‌ಹೋಸ್ಟ್'. ಡೈರೆಕ್ಟರ್ ಮತ್ತು ಸ್ಟೋರೇಜ್ ಒಂದೇ ಯಂತ್ರದಲ್ಲಿವೆ ಅಂತ ಸ್ಟೋರೇಜಿನ ವಿಳಾಸಕ್ಕೆ ಲೋಕಲ್‌ಹೋಸ್ಟ್ ಅಂತ ಬರೆದರೆ, ಆ ಯಂತ್ರದ ಬ್ಯಾಕಪ್ ಚೆನ್ನಾಗೇ ಆಗುತ್ತೆ. ದೂರದ ವಿಂಡೋಸ್ ಯಂತ್ರದ್ದು ಮಾತ್ರ ನಿಂತೇಬಿಡುತ್ತೆ. ಯಾಕಂದ್ರೆ ಡೈರೆಕ್ಟರ್ ಆ ವಿಳಾಸವನ್ನೇ ಕ್ಲೈಂಟಿಗೆ ಹೇಳುತ್ತೆ. ಕ್ಲೈಂಟ್ ಲೋಕಲ್‌ಹೋಸ್ಟ್ ಅಂದರೆ ತಾನೇ ಅಂದುಕೊಂಡು ತನ್ನ ಬಾಗಿಲನ್ನೇ ಬಡಿಯುತ್ತಾ ಕೂರುತ್ತೆ. 'ನಮ್ಮನೆ' ಅನ್ನೋ ಪದದ ಹಾಗೆ. ಹೇಳೋರು ಬದಲಾದರೆ ಮನೆಯೂ ಬದಲಾಗುತ್ತೆ.

ಈ ಇತಿಹಾಸವೇ ತೊಂದರೆ ಹುಡುಕೋ ಕ್ರಮವನ್ನೂ ಹೇಳಿಕೊಡುತ್ತೆ. ಮೊದಲು ಎರಡೂ ಕಡೆಯಿಂದ ಹೆಸರು ಒಂದೇ ವಿಳಾಸಕ್ಕೆ ಹೋಗುತ್ತಾ ನೋಡಿ. ಆಮೇಲೆ ಪೋರ್ಟ್ ಮತ್ತು ಫೈರ್‌ವಾಲ್. 2004ರ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2ರಿಂದ ವಿಂಡೋಸಿನ ಫೈರ್‌ವಾಲ್ ತಾನಾಗೇ ಚಾಲೂ ಇರುತ್ತೆ. ಮುಂದೆ ಓದುವ ಅನುಮತಿ, ತೆರೆದ ಫೈಲು, ಸಮಯ, ಹೆಸರು. ಎಲ್ಲ ಸರಿ ಇದ್ದು 'ಓಕೆ' ಅಂತ ಹಸಿರು ಬಂದರೂ ಅಲ್ಲಿಗೆ ನಿಲ್ಲಿಸಬೇಡಿ. ಸಾಫ್ಟ್‌ವೇರ್ ತನಗೆ ತಿಳಿದ ಅರ್ಥದಲ್ಲಿ ನಕಲು ಮಾಡಿದೆ ಅಂತಷ್ಟೇ ಆ ಓಕೆಯ ಅರ್ಥ.

ಹಳ್ಳಿ ಕಡೆ ಬಿತ್ತನೆಗೆ ಮೊದಲು ಒಂದಷ್ಟು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಬಂತು ನೋಡ್ತಾರೆ. ಮೂಟೆ ತುಂಬಿದೆ ಅನ್ನೋದು ಅವರಿಗೆ ಸಾಕ್ಷಿ ಅಲ್ಲ. ಮೊಳಕೆ ಬರದಿದ್ದರೆ ಹೊಸ ಬೀಜ ತರೋಕೆ ಇನ್ನೂ ಟೈಮ್ ಇರುತ್ತೆ, ಮಳೆ ಬಿದ್ದ ಮೇಲೆ ಗೊತ್ತಾದರೆ ಆ ವರ್ಷದ ಬೆಳೆಯೇ ಇಲ್ಲ. ಬ್ಯಾಕಪ್ಪಿಗೆ ಆ ಪರೀಕ್ಷೆ ಅಂದರೆ ರೀಸ್ಟೋರ್. ಈ ಶನಿವಾರ ಹತ್ತು ಫೈಲ್ ಆರಿಸಿ. ಒಂದಕ್ಕೆ ಕನ್ನಡ ಹೆಸರಿರಲಿ, ಒಂದು ಬ್ಯಾಕಪ್ ಆಗುವಾಗ ತೆರೆದಿದ್ದದ್ದಿರಲಿ. ಮೂಲ ಯಂತ್ರ ಬಿಟ್ಟು ಬೇರೊಂದರಲ್ಲಿ ಬಿಚ್ಚಿ ನೋಡಿ. ಹತ್ತಕ್ಕೆ ಎಷ್ಟು ತೆರೆದುಕೊಂಡವು ಅಂತ ಎಣಿಸಿ.