ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಬಿಂಬಮಾರ್ಗದರ್ಶನ: ನಿಖರತೆಯ ನೆಲೆ

ಕಶೇರುಮಣಿಯ ಮುಂದಣ ಕಾಯವನ್ನು ಹಿಂದಣ ಕಮಾನಿನೊಡನೆ ಕೂಡಿಸುವ ಪೆಡಿಕಲ್ ಎಂಬ ಅಸ್ಥಿಸೇತುವಿನೊಳಗೆ ಲೋಹದ ತಿರುಪುಮೊಳೆಯನ್ನು ಹಾಯಿಸಿ ಶಿಥಿಲವಾದ ಬೆನ್ನೆಲುಬನ್ನು ಸ್ಥಿರಗೊಳಿಸುವ ಕ್ರಮವನ್ನು ಪ್ಯಾರಿಸ್ಸಿನ ಶಸ್ತ್ರವೈದ್ಯ ರಾಯ್-ಕಮಿಲ್ 1963ರಲ್ಲಿ ಆರಂಭಿಸಿದಂದಿನಿಂದ, ಕಣ್ಣಿಗೆ ಕಾಣದ ಆ ಮಾರ್ಗವನ್ನು ತಪ್ಪದೆ ಹಿಡಿಯುವುದು ಹೇಗೆಂಬ ಪ್ರಶ್ನೆ ಈ ಶಾಸ್ತ್ರವನ್ನು ಬಿಡದೆ ಅನುಸರಿಸಿ ಬಂದಿದೆ. ಎದೆಯ ಭಾಗದ ನಡುವಣ ಮಣಿಗಳಲ್ಲಿ ಈ ಸೇತುವಿನ ಅಗಲ ಅನೇಕರಲ್ಲಿ 5 ಮಿಲಿಮೀಟರನ್ನೂ ಮುಟ್ಟದು. ಅದರ ಒಳಮಗ್ಗುಲಿಗೆ ಬೆನ್ನುಹುರಿಯೂ ಮುಂಗಡೆಗೆ ಮಹಾಧಮನಿಯೂ ಇರುವುದರಿಂದ ಮೊಳೆಯ ಅಲ್ಪ ಚ್ಯುತಿಯೂ ಅಂಗವೈಕಲ್ಯಕ್ಕೆ ಕಾರಣವಾಗಬಲ್ಲುದು. ಗರ್ಟ್ಸ್‌ಬೈನ್ ಮತ್ತು ರಾಬಿನ್ಸ್ 1990ರಲ್ಲಿ ಈ ಚ್ಯುತಿಯನ್ನು 2 ಮಿಲಿಮೀಟರುಗಳ ಅಂತರದಲ್ಲಿ ಅಳೆದು ವರ್ಗೀಕರಿಸಿದ್ದು ಮುಂದಿನ ಸಂಶೋಧನೆಗಳಿಗೆ ಮಾನದಂಡವಾಯಿತು.

ವೈದ್ಯನು ಅಂಗರಚನೆಯ ಗುರುತುಗಳನ್ನೂ ಕೈಯ ಸ್ಪರ್ಶಾನುಭವವನ್ನೂ ಕ್ಷಕಿರಣದ ಎರಡು ಆಯಾಮಗಳ ನೆರಳನ್ನೂ ನಂಬಿ ನಡೆಯುತ್ತಿದ್ದಲ್ಲಿ, 1971ರ ಹೌನ್ಸ್‌ಫೀಲ್ಡರ ಯಂತ್ರದಿಂದ ಮೊದಲ್ಗೊಂಡ ಸಿ.ಟಿ. ಚಿತ್ರಣವು ಮೂರನೆಯ ಆಯಾಮವನ್ನು ಒದಗಿಸಿತು. 1990ರ ದಶಕದ ನಡುವೆ ಆ ಚಿತ್ರವನ್ನು ಮೇಜಿನ ಮೇಲಣ ದೇಹದೊಡನೆ ಗಣಕಯಂತ್ರದ ಮೂಲಕ ಹೊಂದಿಸುವ ಪದ್ಧತಿ, ಎಂದರೆ ಬಿಂಬಮಾರ್ಗದರ್ಶನ, ಬೆನ್ನೆಲುಬಿಗೂ ಅನ್ವಯವಾಯಿತು. ಮಣಿಯ ಹಿಂಬದಿಯ ಮುಳ್ಳಿಗೆ ಪ್ರತಿಫಲಕ ಗೋಲಗಳುಳ್ಳ ಚೌಕಟ್ಟೊಂದನ್ನು ಬಿಗಿದು, ಅದನ್ನೂ ವೈದ್ಯನ ಕೈಯ ಉಪಕರಣವನ್ನೂ ಅವಕೆಂಪು ಕಿರಣದ ಕ್ಯಾಮೆರಾ ಏಕಕಾಲದಲ್ಲಿ ಗಮನಿಸುತ್ತಿರಲು, ಉಪಕರಣದ ತುದಿ ಎಲುಬಿನೊಳಗೆ ಎಲ್ಲಿದೆಯೆಂಬುದು ತೆರೆಯ ಮೇಲೆ ಮೂಡುತ್ತದೆ.

ಚಿತ್ರವು ಎಷ್ಟೇ ಸ್ಪಷ್ಟವಾಗಿರಲಿ, ನಿಖರತೆಯು ಚಿತ್ರಕ್ಕೂ ದೇಹಕ್ಕೂ ಆಗುವ ತಾಳೆಯನ್ನೇ ಅವಲಂಬಿಸಿದೆಯೆಂಬುದು ಈ ಲೇಖನದ ಪ್ರತಿಪಾದನೆ. ಅಂಗಾತ ಮಲಗಿಸಿ ತೆಗೆದ ಚಿತ್ರದಲ್ಲಿ ಮಣಿಗಳಿಗೆ ಪರಸ್ಪರ ಇದ್ದ ಸಂಬಂಧವು ಬೋರಲು ಮಲಗಿಸಿದಾಗ ಮಾರ್ಪಡುವುದರಿಂದ, ಒಂದೊಂದು ಮಣಿಯನ್ನೂ ಪ್ರತ್ಯೇಕವಾಗಿ ತಾಳೆ ಹಾಕಬೇಕಾಗುತ್ತಿತ್ತು. ಮೇಜಿನ ಮೇಲೆಯೇ ಚಿತ್ರ ತೆಗೆಯುವ ಯಂತ್ರಗಳು ಬಂದಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಚಿತ್ರ ತೆಗೆಯುವಾಗ ದೂರ ಸರಿದು ನಿಲ್ಲಬಹುದಾದುದರಿಂದ ವೈದ್ಯರಿಗೆ ತಗಲುವ ವಿಕಿರಣವೂ ತಗ್ಗಿತು. ಆದರೂ ಉಸಿರಾಟಕ್ಕೆ ಎದೆಗೂಡು ಅಲುಗುವುದು, ಕೊರೆಯುವ ಒತ್ತಡಕ್ಕೆ ಮಣಿ ಹೊರಳುವುದು, ಸಹಾಯಕನ ಮೊಳಕೈ ತಾಗಿ ಚೌಕಟ್ಟು ಜರುಗುವುದು, ಇವನ್ನು ತೆರೆಯು ತಾನಾಗಿ ತಿಳಿಸುವುದೆಂದು ನೆಚ್ಚಲಾಗದು; ಚೌಕಟ್ಟಿನಿಂದ ದೂರವಾದ ಮಣಿಗಳಲ್ಲಿ ದೋಷವು ಬೆಳೆಯುತ್ತಲೂ ಹೋಗುತ್ತದೆ.

ಆದಕಾರಣ ವಿವೇಕಿಯಾದ ವೈದ್ಯನು ಪ್ರತಿ ಮೊಳೆಗೂ ಮುನ್ನ, ಕಣ್ಣಿಗೆ ಕಾಣುವ ಎಲುಬಿನ ಅಂಚೊಂದನ್ನು ಉಪಕರಣದ ತುದಿಯಿಂದ ಮುಟ್ಟಿ, ತೆರೆಯೂ ಅದೇ ಬಿಂದುವನ್ನು ತೋರುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ಕೊರೆದ ರಂಧ್ರದ ನಾಲ್ಕು ಗೋಡೆಗಳನ್ನೂ ತಳವನ್ನೂ ಸೂಕ್ಷ್ಮ ಶಲಾಕೆಯಿಂದ ತಡವಿ ನೋಡುತ್ತಾನೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಗಳು ಬಿಂಬಮಾರ್ಗದರ್ಶನದಲ್ಲಿ ಮೊಳೆಗಳು ಹೆಚ್ಚು ಸಮರ್ಪಕವಾಗಿ ಕೂರುವುದನ್ನು ತೋರಿಸಿಕೊಟ್ಟಿವೆ. ಆ ಲಾಭವು ರೋಗಿಗೆ ಪೂರ್ಣವಾಗಿ ಸಲ್ಲಬೇಕಾದರೆ, ಯಂತ್ರವನ್ನು ನಡೆಸುವ ಕೌಶಲದೊಡನೆ ಅದನ್ನು ಒರೆಗೆ ಹಚ್ಚುವ ಶರೀರರಚನಾಜ್ಞಾನವನ್ನೂ ಶಿಕ್ಷಣಕ್ರಮವು ತರುಣ ವೈದ್ಯರಲ್ಲಿ ದೃಢಗೊಳಿಸತಕ್ಕದ್ದು.